ಟರ್ಬೊ ಇಲ್ಲದ ಎಂಜಿನ್‌ಗೆ ಸಿಲಿಂಡರಿಗೊಂದು ಥ್ರಾಟಲ್: ಅಳವಡಿಸುವ ಮುನ್ನ ತಿಳಿದಿರಬೇಕಾದದ್ದೇನು?

ನೇರಉಸಿರು:

ನನ್ನ ಕಾರಿನದು ಎರಡು ಲೀಟರ್, ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್‌ಗಳ, ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್. ಕಾರ್ಖಾನೆಯಿಂದ ಬಂದ ಇನ್‌ಟೇಕ್ ಮ್ಯಾನಿಫೋಲ್ಡಿನ ಪ್ಲೀನಮ್ (ಎಲ್ಲ ಸಿಲಿಂಡರ್‌ಗಳಿಗೂ ಸಾಮಾನ್ಯವಾದ ಗಾಳಿ ಕೋಣೆ) ಬಾಯಿಗೆ 60 ಮಿ.ಮೀ. ವ್ಯಾಸದ ಒಂದೇ ಥ್ರಾಟಲ್ (ಒಳಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟ) ಇದೆ. ಕ್ಯಾಮ್‌ಶಾಫ್ಟ್‌ಗಳನ್ನು ಕಳೆದ ವರ್ಷ ಬದಲಾಯಿಸಿದ್ದೇನೆ. ಅವು ತೀರಾ ಉಗ್ರವಾದವುಗಳಲ್ಲ, ಆದರೆ ಮೂಲದವುಗಳಿಗಿಂತ ವಾಲ್ವ್ ಓವರ್‌ಲ್ಯಾಪ್ (ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್‌ಗಳೆರಡೂ ಒಟ್ಟಿಗೆ ತೆರೆದಿರುವ ಅವಧಿ) ಸ್ಪಷ್ಟವಾಗಿ ಹೆಚ್ಚಿದೆ. ಅಂದಿನಿಂದ ಐಡ್ಲಿಂಗ್ ಸ್ವಲ್ಪ ಒರಟಾಗಿದೆ. ಬೇರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಈಗಾಗಲೇ ಇದೆ, ಅದನ್ನು ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಆಧಾರದ ಮೇಲೆ ಟ್ಯೂನ್ ಮಾಡಲಾಗಿದೆ.

ಈಗ ನಾಲ್ಕು ಪ್ರತ್ಯೇಕ ಥ್ರಾಟಲ್ ಬಾಡಿಗಳ ಒಂದು ಜೋಡಣೆ ಕೈಗೆ ಬಂದಿದೆ. ಪ್ರತಿಯೊಂದೂ 45 ಮಿ.ಮೀ. ವ್ಯಾಸದ್ದು, ಬಟರ್‌ಫ್ಲೈ (ಬಾಯಿಯಲ್ಲಿ ತಿರುಗಿ ತೆರೆದು ಮುಚ್ಚುವ ದುಂಡು ಫಲಕ) ಶಾಫ್ಟ್‌ಗಳು ಲಂಬವಾಗಿ ನಿಂತಿವೆ, ನಾಲ್ಕರ ಲಿವರ್‌ಗಳನ್ನೂ ಒಂದೇ ಉದ್ದ ಸರಳು ಎಳೆಯುತ್ತದೆ. ಇದನ್ನು ಕೂರಿಸುವ ಮೊದಲು ಅನುಭವಿಗಳ ಮಾತು ಕೇಳಬೇಕೆನಿಸಿತು. ಶಕ್ತಿ ಎಷ್ಟು ಹೆಚ್ಚಬಹುದು ಎನ್ನುವುದಕ್ಕಿಂತ, ಎಲ್ಲಿ ಎಡವುತ್ತೇನೆ ಎನ್ನುವುದನ್ನು ತಿಳಿಸಿದರೆ ಹೆಚ್ಚು ಉಪಕಾರವಾಗುತ್ತದೆ.

ಎಂಟುಸಾವಿರ:

ಮೊದಲು ಒಂದು ನಿರೀಕ್ಷೆಯನ್ನು ಸರಿಪಡಿಸಿಕೊಳ್ಳೋಣ. ಪ್ರತ್ಯೇಕ ಥ್ರಾಟಲ್‌ಗಳನ್ನು ಕಾರ್ಖಾನೆಯಿಂದಲೇ ಪಡೆದ ಎಂಜಿನ್‌ಗಳ ಸಾಲನ್ನು ಗಮನಿಸಿ: 1978ರ ಬಿಎಂಡಬ್ಲ್ಯು ಎಂ1ರ ಆರು ಸಿಲಿಂಡರ್ ಎಂಜಿನ್, ಮೊದಲ ಎಂ3ಯ ಎಸ್14, ಇ46 ಎಂ3ಯ 3.2 ಲೀಟರಿನ ಎಸ್54, ಹತ್ತು ಥ್ರಾಟಲ್‌ಗಳ ಎಸ್85, 1991ರಲ್ಲಿ ಬಂದ ಟೊಯೊಟಾದ ಇಪ್ಪತ್ತು ವಾಲ್ವ್‌ಗಳ 4ಎ-ಜಿಇ, 9000 ಆರ್‌ಪಿಎಂವರೆಗೆ ತಿರುಗುವ ಲೆಕ್ಸಸ್ ಎಲ್‌ಎಫ್‌ಎ, ಇತ್ತೀಚಿನ 992 ಮಾದರಿಯ ಪೋರ್ಷೆ 911 ಜಿಟಿ3. ಇವುಗಳಲ್ಲಿ ಥ್ರಾಟಲ್‌ಗಳು ಒಂಟಿಯಾಗಿ ಬಂದಿಲ್ಲ. ಹೆಚ್ಚಿನ ಕಂಪ್ರೆಷನ್, ಮೇಲಿನ ವೇಗಕ್ಕೆ ತಕ್ಕ ಕ್ಯಾಮ್‌ಗಳು, ಆ ವೇಗವನ್ನು ತಾಳಿಕೊಳ್ಳುವ ಎಂಜಿನ್ನಿನ ಕೆಳಭಾಗ (ಕ್ರ್ಯಾಂಕ್, ಪಿಸ್ಟನ್ ಮುಂತಾದವು), ಅಳತೆ ಮಾಡಿ ರೂಪಿಸಿದ ಎಕ್ಸಾಸ್ಟ್, ಇವೆಲ್ಲದರ ಜೊತೆಗೆ ಬಂದಿವೆ. ಮೂಲ ಕ್ಯಾಮ್‌ಗಳಿರುವ ಎಂಜಿನ್‌ಗೆ ಇವನ್ನು ಕೂರಿಸಿದವರಿಗೆ ಶಬ್ದ ಸಿಗುತ್ತದೆ, ಚುರುಕು ಸಿಗುತ್ತದೆ, ಆದರೆ ಮಧ್ಯದ ವೇಗದ ಟಾರ್ಕ್ ಹಲವು ಬಾರಿ ಕೈಬಿಟ್ಟು ಹೋಗುತ್ತದೆ. ಏಕೆಂದರೆ ಕಾರ್ಖಾನೆಯವರು ಅದೇ ಮಧ್ಯದ ವೇಗಕ್ಕಾಗಿ ಉದ್ದವಾಗಿ ಬಾಗಿಸಿ ಕೂರಿಸಿದ್ದ ರನ್ನರ್‌ಗಳನ್ನು (ಪ್ರತಿ ಸಿಲಿಂಡರಿಗೆ ಹೋಗುವ ಗಾಳಿ ಕೊಳವೆಗಳನ್ನು) ನಾವು ಕಿತ್ತು ಪಕ್ಕಕ್ಕಿಟ್ಟಿರುತ್ತೇವೆ.

ನಿಮ್ಮ ಕ್ಯಾಮ್‌ಗಳು ಬದಲಾಗಿರುವುದರಿಂದ ನಿಮ್ಮ ಪರಿಸ್ಥಿತಿ ಅದಕ್ಕಿಂತ ಉತ್ತಮ. ಆದರೂ ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಕಾಗದದ ತುದಿಯ ಅಂಕಿಯನ್ನು ಮುಂದಿಟ್ಟುಕೊಂಡು ಈ ಕೆಲಸಕ್ಕೆ ಕೈ ಹಾಕಬೇಡಿ ಎಂದೇ ಹೇಳುತ್ತೇನೆ.

ಕವಾಟದಂಚು:

ಒಂದು ಸಣ್ಣ ಲೆಕ್ಕವನ್ನು ಇಲ್ಲಿಡುತ್ತೇನೆ, ಏಕೆಂದರೆ ಕಾಲಿನ ಕೆಳಗೆ ಆಗುವ ಬದಲಾವಣೆಯನ್ನು ಇದರಷ್ಟು ಚೆನ್ನಾಗಿ ಬೇರಾವುದೂ ವಿವರಿಸುವುದಿಲ್ಲ. 45 ಮಿ.ಮೀ. ವ್ಯಾಸದ ನಾಲ್ಕು ಬಾಯಿಗಳ ಒಟ್ಟು ಕ್ಷೇತ್ರ 60 ಮಿ.ಮೀ. ವ್ಯಾಸದ ಒಂದು ಬಾಯಿಯ ಕ್ಷೇತ್ರದ 2.25 ಪಟ್ಟು. ಬಟರ್‌ಫ್ಲೈ ಫಲಕ ತಿರುಗಿದಾಗ ತೆರೆಯುವ ಕ್ಷೇತ್ರವು, ಶಾಫ್ಟಿನ ದಪ್ಪವನ್ನು ಬದಿಗಿಟ್ಟರೆ, ಒಂದರಿಂದ ಆ ಕೋನದ ಕೊಸೈನನ್ನು ಕಳೆದಷ್ಟಿರುತ್ತದೆ. 10 ಡಿಗ್ರಿಗೆ ಶೇ. 1.5, 30 ಡಿಗ್ರಿಗೆ ಶೇ. 13, 60 ಡಿಗ್ರಿಗೆ ಅರ್ಧ. ಈ ಲೆಕ್ಕದಲ್ಲಿ ನಿಮ್ಮ ನಾಲ್ಕು ಥ್ರಾಟಲ್‌ಗಳು 56 ಡಿಗ್ರಿ ತಿರುಗುವಷ್ಟರಲ್ಲಿ, ಹಳೆಯ ಒಂಟಿ ಥ್ರಾಟಲ್ ಪೂರ್ತಿ ತೆರೆದಾಗ ಎಷ್ಟಿತ್ತೋ ಅಷ್ಟು ಕ್ಷೇತ್ರ ತೆರೆದಿರುತ್ತದೆ. ಮಿಕ್ಕ ಮೂವತ್ತು ಚಿಲ್ಲರೆ ಡಿಗ್ರಿಗಳಲ್ಲಿ ಪೆಡಲ್ ಚಲಿಸುತ್ತದೆ, ಕಾರು ಹೆಚ್ಚೇನೂ ಉತ್ತರಿಸುವುದಿಲ್ಲ. ಕೆಳತುದಿಯಲ್ಲಿ ಇದು ಇನ್ನಷ್ಟು ಮುಖ್ಯ: ಒಂಟಿ ಥ್ರಾಟಲ್ 15 ಡಿಗ್ರಿಯಲ್ಲಿ ಕೊಡುತ್ತಿದ್ದ ಕ್ಷೇತ್ರವನ್ನು ಇವು 10 ಡಿಗ್ರಿಯಲ್ಲೇ ಕೊಡುತ್ತವೆ.

ಆದ್ದರಿಂದ ನೇರವಾದ ವೃತ್ತಾಕಾರದ ಎಳೆತದ ಬದಲು, ಆರಂಭದಲ್ಲಿ ನಿಧಾನವಾಗಿಯೂ ನಂತರ ವೇಗವಾಗಿಯೂ ತೆರೆಯುವ ಆಕಾರದ ಕೇಬಲ್ ಚಕ್ರವನ್ನು ಹಾಕಿಸಿ. ದಟ್ಟಣೆಯ ರಸ್ತೆಯಲ್ಲಿ ಮೊದಲ ಗೇರಿನಲ್ಲಿ ಕಾರು ಕುಪ್ಪಳಿಸುವುದಕ್ಕೆ ಇಂಧನದ ನಕ್ಷೆಯನ್ನೇ ಎಲ್ಲರೂ ದೂರುತ್ತಾರೆ. ಎಷ್ಟೋ ಸಲ ತಪ್ಪು ಆ ಚಕ್ರದಲ್ಲಿರುತ್ತದೆ.

ಮಾಪಕ:

ಕವಾಟದಂಚು ಅವರ ಲೆಕ್ಕ ಸರಿಯಾಗಿದೆ, ಆದರೆ ಅದು ಅರ್ಧ ಕಥೆ. ಕ್ಷೇತ್ರವನ್ನು ಒಟ್ಟುಗೂಡಿಸಿ ಹೋಲಿಸುವುದು ಸಣ್ಣ ತೆರೆಯುವಿಕೆಯಲ್ಲಿ ಸಲ್ಲುತ್ತದೆ, ಪೂರ್ತಿ ತೆರೆದಾಗ ಸಲ್ಲುವುದಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಹೆಚ್ಚು ಕಡಿಮೆ ಒಂದು ಸಲಕ್ಕೆ ಒಂದು ಸಿಲಿಂಡರ್ ಗಾಳಿ ಎಳೆಯುತ್ತದೆ. ಪ್ಲೀನಮ್ ಇದ್ದಾಗ 60 ಮಿ.ಮೀ. ಬಾಯಿಯಲ್ಲಿ ಗಾಳಿ ಬಹುಮಟ್ಟಿಗೆ ಒಂದೇ ಸಮನೆ ಹರಿಯುತ್ತಿರುತ್ತದೆ, ಪ್ರತಿ ಸಿಲಿಂಡರೂ ತನ್ನ ಸರದಿಯಲ್ಲಿ ಆ ಇಡೀ ಬಾಯಿಯ ಸೇವೆಯನ್ನು ಪಡೆಯುತ್ತದೆ. ಪ್ರತ್ಯೇಕ ಥ್ರಾಟಲ್‌ಗಳಲ್ಲಾದರೋ ಅದೇ ಸಿಲಿಂಡರ್ ತನ್ನ ಒಂದು 45 ಮಿ.ಮೀ. ಬಾಯಿಯ ಮೂಲಕ ಮಾತ್ರ ಎಳೆಯಬೇಕು. ಹಾಗಾಗಿ ಪೂರ್ತಿ ತೆರೆದಾಗ ಅದರ ಪಾಲಿಗೆ ಬಾಯಿ ದೊಡ್ಡದಾಗಿಲ್ಲ, ಚಿಕ್ಕದಾಗಿದೆ. ಮೇಲಿನ ವೇಗದಲ್ಲಿ ಲಾಭ ಬರುವುದು ಬಾಯಿಯ ಅಳತೆಯಿಂದಲ್ಲ. ರನ್ನರಿನ ನೇರ ದಾರಿ, ತುತ್ತೂರಿಯ (ಥ್ರಾಟಲ್ ಮುಂದಿನ ಅಗಲ ಬಾಯಿಯ ಕೊಳವೆಯ) ಬಾಯಿಯಲ್ಲಿ ಗಾಳಿ ನಯವಾಗಿ ಒಳಹೊಗುವುದು, ಒಂದು ಸಿಲಿಂಡರ್ ಇನ್ನೊಂದರ ಗಾಳಿಯನ್ನು ಕಲಕದಿರುವುದು, ಇವುಗಳಿಂದ ಲಾಭ ಬರುತ್ತದೆ.

ಈಗ ಕೆಳತುದಿಗೆ ಬರೋಣ, ನಿಜವಾದ ವಿಷಯ ಇಲ್ಲಿದೆ. ಥ್ರಾಟಲ್ ಫಲಕದಿಂದ ಇನ್‌ಟೇಕ್ ವಾಲ್ವಿನವರೆಗೆ 200 ಮಿ.ಮೀ. ದೂರವಿದೆ ಎಂದು ಭಾವಿಸಿ. 45 ಮಿ.ಮೀ. ವ್ಯಾಸದ ಆ ಕೊಳವೆಯಲ್ಲಿ ಸುಮಾರು 318 ಘನ ಸೆಂ.ಮೀ. ಗಾಳಿ ಹಿಡಿಯುತ್ತದೆ. ನಿಮ್ಮ ಒಂದು ಸಿಲಿಂಡರ್ 500 ಘನ ಸೆಂ.ಮೀ. ಐಡ್ಲಿಂಗಿನಲ್ಲಿ ವಾಲ್ವ್ ತೆರೆದಾಗ ಸಿಲಿಂಡರ್ ಆ ಕೊಳವೆಯನ್ನು ಬರಿದು ಮಾಡುತ್ತದೆ, ಒತ್ತಡ ಕುಸಿಯುತ್ತದೆ. ವಾಲ್ವ್ ಮುಚ್ಚಿದ ಮೇಲೆ ಮುಂದಿನ ಸರದಿಯವರೆಗೆ ಮೂರು ಹೊಡೆತಗಳಷ್ಟು ಬಿಡುವಿದೆ. ಆ ಬಿಡುವಿನುದ್ದಕ್ಕೂ ಫಲಕದ ಅಂಚಿನ ಸಂದಿನಿಂದ ಗಾಳಿ ಒಳಗೆ ಸೋರುತ್ತಲೇ ಇರುತ್ತದೆ, ಕೊಳವೆಯೊಳಗಿನ ಒತ್ತಡ ಮತ್ತೆ ವಾತಾವರಣದ ಒತ್ತಡದ ಕಡೆಗೆ ಏರುತ್ತದೆ. ಅಂದರೆ ನಾಲ್ಕು ಹೊಡೆತಗಳ ಒಂದೇ ಸುತ್ತಿನೊಳಗೆ ಒತ್ತಡ ಆಳಕ್ಕೆ ಇಳಿದು ಮೇಲೇರುವ ಅಲೆಯಾಗಿರುತ್ತದೆ, ಪ್ಲೀನಮ್ಮಿನೊಳಗಿನಂತೆ ಸ್ಥಿರವಾಗಿ ನಿಂತಿರುವುದಿಲ್ಲ.

ಇದರಿಂದ ಎರಡು ಪರಿಣಾಮಗಳಾಗುತ್ತವೆ. ಒಂದು ಒಳ್ಳೆಯದು: ಇನ್‌ಟೇಕ್ ವಾಲ್ವ್ ತೆರೆಯುವ ಹೊತ್ತಿಗೆ, ಓವರ್‌ಲ್ಯಾಪಿನ ಕ್ಷಣದಲ್ಲಿ, ಕೊಳವೆಯ ಒತ್ತಡ ಎಕ್ಸಾಸ್ಟಿನ ಒತ್ತಡಕ್ಕೆ ಸಮೀಪವಿರುತ್ತದೆ. ಆದ್ದರಿಂದ ಸುಟ್ಟ ಅನಿಲ ಹಿಂದಕ್ಕೆ ನುಗ್ಗಿ ಹೊಸ ಗಾಳಿಯನ್ನು ಕೆಡಿಸುವುದು ಕಡಿಮೆಯಾಗುತ್ತದೆ. ನಿಮ್ಮ ಐಡ್ಲಿಂಗ್ ಒರಟಾಗಿರುವುದು ಪ್ಲೀನಮ್ಮಿನ ಆಳವಾದ ವ್ಯಾಕ್ಯೂಮ್ ಆ ಸುಟ್ಟ ಅನಿಲವನ್ನು ಎಳೆದುಕೊಳ್ಳುವುದರಿಂದ. ಪ್ರತ್ಯೇಕ ಥ್ರಾಟಲ್‌ಗಳ ಮೇಲೆ ಅದೇ ಕ್ಯಾಮ್‌ಗಳು ಸೌಮ್ಯವಾಗಿ ವರ್ತಿಸಬಹುದು. ಈ ಒಂದು ಕಾರಣಕ್ಕಾಗಿಯೇ ನಿಮ್ಮ ಯೋಜನೆಯನ್ನು ನಾನು ಬೆಂಬಲಿಸುತ್ತೇನೆ.

ಎರಡನೆಯದು ತೊಡಕಿನದು. ಮ್ಯಾಪ್ ಸೆನ್ಸರ್ ಈಗ ಅಲೆಯನ್ನು ಓದುತ್ತದೆ. ಅಲೆಯ ಸರಾಸರಿಯೂ ಬಹಳ ಬೇಗ ವಾತಾವರಣದ ಒತ್ತಡವನ್ನು ಮುಟ್ಟುತ್ತದೆ. ಕಡಿಮೆ ವೇಗದಲ್ಲಿ ಥ್ರಾಟಲ್ ಕಾಲುಭಾಗ ತೆರೆಯುವಷ್ಟರಲ್ಲಿ ಸೆನ್ಸರಿಗೆ ಹೇಳಲು ಹೆಚ್ಚೇನೂ ಉಳಿದಿರುವುದಿಲ್ಲ. ಅಲ್ಲಿಂದ ಮುಂದೆ ಇಸಿಯು ಥ್ರಾಟಲ್ ಕೋನವನ್ನೂ ಎಂಜಿನ್ ವೇಗವನ್ನೂ ಆಧರಿಸಿ ಇಂಧನವನ್ನು ನಿರ್ಧರಿಸಬೇಕಾಗುತ್ತದೆ. ಈ ವಿಧಾನವನ್ನು ಆಲ್ಫಾ-ಎನ್ ಎನ್ನುತ್ತಾರೆ.

ಆಲ್ಫಾ-ಎನ್ ವಿಧಾನಕ್ಕೂ ತನ್ನದೇ ಕುರುಡು ಕಲೆಗಳಿವೆ. ಸೆನ್ಸರಿನ ವೋಲ್ಟೇಜನ್ನು 10 ಬಿಟ್‌ನಲ್ಲಿ ಓದುವ ಇಸಿಯುನಲ್ಲಿ, 0.5ರಿಂದ 4.5 ವೋಲ್ಟ್ ನಡುವಿನ ಸುಮಾರು 819 ಮೆಟ್ಟಿಲುಗಳು 85 ಡಿಗ್ರಿಗಳಿಗೆ ಹಂಚಿಹೋಗುತ್ತವೆ. ಒಂದು ಡಿಗ್ರಿಗೆ ಹತ್ತಕ್ಕಿಂತ ಕಡಿಮೆ ಮೆಟ್ಟಿಲು. ಫಲಕ 5 ಡಿಗ್ರಿಯಲ್ಲಿರುವಾಗ ಒಂದು ಮೆಟ್ಟಿಲು ಆಚೀಚೆಯಾದರೂ ತೆರೆದ ಕ್ಷೇತ್ರ ಶೇ. 4ರಷ್ಟು ಬದಲಾಗುತ್ತದೆ. ಹಾಗಾಗಿ ಕೋಷ್ಟಕದ ಸಾಲುಗಳನ್ನು ಸಮಾನ ಅಂತರದಲ್ಲಿಡದೆ ಕೆಳಗೆ ಒತ್ತಾಗಿ ಇಡಬೇಕು: ತೆರೆಯುವಿಕೆಯ ಶೇಕಡಾವಾರಿನಲ್ಲಿ 0, 1, 2, 3, 5, 7, 10, 15, 20, 30, 45, 70, 100 ಹೀಗೆ. ಇನ್ನೊಂದು, ಎತ್ತರಕ್ಕೆ ಹೋದಾಗ ಗಾಳಿ ತೆಳುವಾಗಿರುವುದು ಥ್ರಾಟಲ್ ಕೋನಕ್ಕೆ ಗೊತ್ತಾಗುವುದಿಲ್ಲ. ಸಮುದ್ರಮಟ್ಟದಿಂದ 1000 ಮೀಟರ್ ಮೇಲೆ ಒತ್ತಡ ಸುಮಾರು ಹತ್ತನೇ ಒಂದು ಭಾಗದಷ್ಟು ಕಡಿಮೆ. ವಾತಾವರಣದ ಒತ್ತಡವನ್ನೇ ಅಳೆಯುವ ಪ್ರತ್ಯೇಕ ಸೆನ್ಸರ್ ಇಲ್ಲದಿದ್ದರೆ ಅಷ್ಟು ಪಾಲು ಇಂಧನ ಹೆಚ್ಚಾಗಿ ಹೋಗುತ್ತದೆ.

ನೇರಉಸಿರು:

ಮಾಪಕ ಅವರೇ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಹೃತ್ಪೂರ್ವಕ ವಂದನೆಗಳು. ಹಾಗಾದರೆ ಮ್ಯಾಪ್ ಸೆನ್ಸರನ್ನು ಪೂರ್ತಿ ತೆಗೆದುಬಿಡಬೇಕೆ? ಕಾರ್ಖಾನೆಯ ಎಂಜಿನ್‌ಗಳು ಈ ತೊಡಕನ್ನು ಹೇಗೆ ದಾಟಿದವು?

ಮಾಪಕ:

ತೆಗೆಯುವ ಅಗತ್ಯವಿಲ್ಲ. ಕಾರ್ಖಾನೆಯವರು ಒಂದಕ್ಕಿಂತ ಹೆಚ್ಚು ದಾರಿ ಹಿಡಿದಿದ್ದಾರೆ. ಎಸ್54ರಲ್ಲಿ ಆರೂ ತುತ್ತೂರಿಗಳ ಮುಂದೆ ಒಂದು ಸಾಮಾನ್ಯ ಗಾಳಿಪೆಟ್ಟಿಗೆ ಇದೆ, ಅದರ ಬಾಯಿಯಲ್ಲಿ ಗಾಳಿಯ ಪ್ರಮಾಣವನ್ನು ಅಳೆಯುವ ಸೆನ್ಸರ್ ಕುಳಿತಿದೆ. ಅಳತೆ ಥ್ರಾಟಲ್‌ಗಳ ಮುಂಚೆಯೇ ಆಗುವುದರಿಂದ ಹಿಂದಿನ ಅಲೆಗಳ ಕಾಟ ಅಷ್ಟಾಗಿ ತಟ್ಟುವುದಿಲ್ಲ. ಟೊಯೊಟಾದ ಇಪ್ಪತ್ತು ವಾಲ್ವ್‌ಗಳ 4ಎ-ಜಿಇ ಮೊದಲ ಆವೃತ್ತಿಯಲ್ಲಿ ಗಾಳಿ ಅಳೆಯುವ ಮೀಟರನ್ನು ಬಳಸಿತು. 1995ರ ಎರಡನೆಯ ಆವೃತ್ತಿಯಲ್ಲಿ ಅದನ್ನು ಬಿಟ್ಟು ಮ್ಯಾಪ್ ಸೆನ್ಸರಿಗೆ ಬಂತು. ಎಂದರೆ ಪ್ರತ್ಯೇಕ ಥ್ರಾಟಲ್‌ಗಳ ಜೊತೆ ಮ್ಯಾಪ್ ಬಳಸಲು ಬರುವುದಿಲ್ಲ ಎಂಬ ಮಾತು ನಿಜವಲ್ಲ, ಅದರ ಸಂಕೇತವನ್ನು ಶುದ್ಧವಾಗಿಡುವ ಶ್ರಮ ಬೇಕು ಅಷ್ಟೆ.

ನಾಲ್ಕೂ ರನ್ನರ್‌ಗಳಿಂದ ಫಲಕದ ಕೆಳಗಡೆ ಸಣ್ಣ ರಂಧ್ರದ ಕೊಳವೆಗಳನ್ನು ತೆಗೆದು, ಸಮಾನ ಉದ್ದದಲ್ಲಿ ಒಂದು ಪುಟ್ಟ ಡಬ್ಬಿಗೆ ಸೇರಿಸಿ, ಆ ಡಬ್ಬಿಯಿಂದ ಸೆನ್ಸರಿಗೆ ಒಂದೇ ಕೊಳವೆ ಕೊಡಿ. ರಂಧ್ರ ದೊಡ್ಡದಾದರೆ ಸಿಲಿಂಡರ್‌ಗಳು ಆ ಕೊಳವೆಗಳ ಮೂಲಕ ಪರಸ್ಪರ ಗಾಳಿ ಕದಿಯತೊಡಗುತ್ತವೆ, ಆಗ ಯಾವ ದೋಷವನ್ನು ನೀಗಿಸಲು ಈ ಜೋಡಣೆ ಮಾಡಿದೆವೋ ಅದೇ ಹಿಂಬಾಗಿಲಿನಿಂದ ಒಳಬರುತ್ತದೆ. ಕೆಳಗಿನ ಭಾಗಕ್ಕೆ ಮ್ಯಾಪ್, ಮೇಲಿನ ಭಾಗಕ್ಕೆ ಥ್ರಾಟಲ್ ಕೋನ ಎಂದು ಎರಡನ್ನೂ ಬೆಸೆಯುವ ವ್ಯವಸ್ಥೆ ಈಗಿನ ಹಲವು ಇಸಿಯುಗಳಲ್ಲಿದೆ. ಮೆಗಾಸ್ಕ್ವರ್ಟ್ ಎಂಬ ಇಸಿಯುನಲ್ಲಿ ಇದಕ್ಕೆಂದೇ ಐಟಿಬಿ (ಪ್ರತ್ಯೇಕ ಥ್ರಾಟಲ್ ಬಾಡಿ) ಮೋಡ್ ಇದೆ. ನಿಮ್ಮ ಇಸಿಯುನಲ್ಲಿ ಇದು ಇದೆಯೇ ಎಂದು ಮೊದಲು ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಹಳೆಯಕಾರ್ಬ್:

ನಾನು ವೆಬರ್ ಡಿಸಿಒಇ ಕಾರ್ಬ್ಯುರೇಟರ್‌ಗಳ ಕಾಲದಿಂದ ಈ ಕೆಲಸ ಮಾಡುತ್ತಾ ಬಂದವನು. ಇಂಜೆಕ್ಷನ್ ಬಂದರೂ ಹೊಂದಾಣಿಕೆಯ ಮೂಲ ತತ್ವ ಬದಲಾಗಿಲ್ಲ. ನಾಲ್ಕು ಬಾಯಿಗಳಿಂದಲೂ ಸಮಾನ ಗಾಳಿ ಹೋಗಬೇಕು. ಅದು ಐಡ್ಲಿಂಗಿನಲ್ಲಿ ಒಂದು ಬಗೆಯ ಕೆಲಸ, ಥ್ರಾಟಲ್ ತುಸು ಎತ್ತಿದಾಗ ಇನ್ನೊಂದು ಬಗೆಯ ಕೆಲಸ. ಮೊದಲು ಸರಳಿನ ಕೊಂಡಿಗಳನ್ನೆಲ್ಲ ಬಿಚ್ಚಿ, ಪ್ರತಿ ಫಲಕವೂ ತನ್ನ ಬಾಯಿಯಲ್ಲಿ ಸಮನಾಗಿ ಕುಳಿತಿದೆಯೇ ಎಂದು ಹಿಂದಿನಿಂದ ಬೆಳಕು ಹಿಡಿದು ನೋಡಬೇಕು. ಫಲಕದ ಸ್ಕ್ರೂಗಳನ್ನು ಬಿಗಿ ಮಾಡುವಾಗ ಫಲಕ ಒಂದು ಬದಿಗೆ ಸರಿದಿದ್ದರೆ ಮುಂದಿನ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಪ್ರತಿ ತುತ್ತೂರಿಗೂ ಗಾಳಿಯಳೆಯುವ ಗೇಜ್ ಹಿಡಿದು, ಅತ್ಯಂತ ಹೆಚ್ಚು ಗಾಳಿ ಎಳೆಯುವ ಬಾಯಿಯನ್ನು ಗುರುತಿಸಿ, ಉಳಿದವುಗಳ ಬೈಪಾಸ್ ಸ್ಕ್ರೂಗಳನ್ನು ತೆರೆದು ಅದಕ್ಕೆ ಸಮ ಮಾಡಬೇಕು. ಆಮೇಲೆ 2500 ಆರ್‌ಪಿಎಂ ಆಸುಪಾಸಿನಲ್ಲಿ ಹಿಡಿದು ನಿಲ್ಲಿಸಿ ಕೊಂಡಿಗಳನ್ನು ಸರಿಪಡಿಸಬೇಕು. ಐಡ್ಲಿಂಗಿನಲ್ಲಿ ಸ್ಕ್ರೂ, ಮೇಲೆ ಕೊಂಡಿ, ಈ ಎರಡನ್ನು ಅದಲುಬದಲು ಮಾಡಿದವರು ದಿನವಿಡೀ ಒಂದನ್ನು ಸರಿಪಡಿಸಿ ಇನ್ನೊಂದನ್ನು ಕೆಡಿಸುತ್ತಾ ಕೂರುತ್ತಾರೆ.

ಬ್ರೇಕ್ ವಿಚಾರವನ್ನು ಇಲ್ಲಿ ಯಾರೂ ಎತ್ತಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. ನಿಮ್ಮ ಬ್ರೇಕ್ ಬೂಸ್ಟರ್ (ಕಾಲಿನ ಒತ್ತಿಗೆ ಬಲ ಕೂಡಿಸುವ ಭಾಗ) ಈಗ ಪ್ಲೀನಮ್ಮಿನ ಸ್ಥಿರ ವ್ಯಾಕ್ಯೂಮನ್ನು ಬಳಸುತ್ತಿದೆ. ಅದನ್ನು ಒಂದೇ ರನ್ನರಿಗೆ ಜೋಡಿಸಿದರೆ ಆ ಸಿಲಿಂಡರಿನ ಮಿಶ್ರಣ ಕೆಡುತ್ತದೆ, ಬೂಸ್ಟರಿಗೂ ಸಾಕಷ್ಟು ಬಲ ಸಿಗುವುದಿಲ್ಲ. ನಾಲ್ಕರಿಂದಲೂ ಪ್ರತ್ಯೇಕ ಕೊಳವೆ ತೆಗೆದು, ಪ್ರತಿಯೊಂದಕ್ಕೂ ಒಂದೇ ದಿಕ್ಕಿಗೆ ಬಿಡುವ ವಾಲ್ವ್ ಹಾಕಿ, ಒಂದು ಗಟ್ಟಿಯಾದ ತೊಟ್ಟಿಗೆ ಸೇರಿಸಿ ಅಲ್ಲಿಂದ ಬೂಸ್ಟರಿಗೆ ಕೊಡಿ. ಅಲೆಯ ಆಳದ ತುದಿಯನ್ನು ಆ ವಾಲ್ವ್ ಹಿಡಿದಿಟ್ಟುಕೊಳ್ಳುತ್ತದೆ. ಈ ಕೊಳವೆಗಳೂ ಮ್ಯಾಪ್ ಸೆನ್ಸರಿನ ಕೊಳವೆಗಳೂ ಬೇರೆ ಬೇರೆಯಾಗಿರಲಿ. ಕಾರು ರಸ್ತೆಗೆ ಇಳಿಯುವ ಮೊದಲು, ನಿಂತಲ್ಲೇ ಬ್ರೇಕನ್ನು ಮೂರು ನಾಲ್ಕು ಬಾರಿ ಬೇಗಬೇಗನೆ ಒತ್ತಿ, ಪೆಡಲ್ ಗಟ್ಟಿಯಾಗುತ್ತದೆಯೇ ಎಂದು ಪರೀಕ್ಷಿಸದೆ ಹೊರಡಬೇಡಿ. ಥ್ರಾಟಲ್ ಹಿಂದಕ್ಕೆಳೆಯುವ ಸ್ಪ್ರಿಂಗ್‌ಗಳೂ ಎರಡಿರಲಿ. ಒಂದು ಮುರಿದರೂ ಇನ್ನೊಂದು ಮುಚ್ಚಬೇಕು.

ಎಂಟುಸಾವಿರ:

ತುತ್ತೂರಿಗಳ ಉದ್ದದ ಬಗ್ಗೆ ಎರಡು ಮಾತು. ಇನ್‌ಟೇಕ್ ವಾಲ್ವ್ ತೆರೆದು ಪಿಸ್ಟನ್ ಕೆಳಗಿಳಿದಾಗ ಹುಟ್ಟುವ ಒತ್ತಡ ಕುಸಿತದ ಅಲೆ ಶಬ್ದದ ವೇಗದಲ್ಲಿ ತುತ್ತೂರಿಯ ಬಾಯಿಗೆ ಓಡಿ, ಅಲ್ಲಿ ತಿರುವುಮುರುವಾಗಿ ಒತ್ತಡ ಏರಿಕೆಯ ಅಲೆಯಾಗಿ ಮರಳುತ್ತದೆ. ವಾಲ್ವಿನಿಂದ ಬಾಯಿಗೆ 300 ಮಿ.ಮೀ. ಇದ್ದರೆ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಆಗಿರುವುದರಿಂದ, ಹೋಗಿಬರಲು ಸುಮಾರು 1.75 ಮಿಲಿಸೆಕೆಂಡ್ ಬೇಕು. 7000 ಆರ್‌ಪಿಎಂನಲ್ಲಿ ಅಷ್ಟು ಹೊತ್ತಿಗೆ ಕ್ರ್ಯಾಂಕ್ 73 ಡಿಗ್ರಿ ತಿರುಗಿರುತ್ತದೆ, 3500ರಲ್ಲಿ ಅದರ ಅರ್ಧ. ಮರಳಿ ಬರುವ ಅಲೆ ವಾಲ್ವ್ ಮುಚ್ಚುವ ಮುನ್ನ ಬಂದು ಕೊನೆಯ ತುತ್ತು ಗಾಳಿಯನ್ನು ಒಳಗೆ ತಳ್ಳಬೇಕೆಂದು ನಾವು ಬಯಸುತ್ತೇವೆ. ಆದ್ದರಿಂದ ಅದೇ ಲಾಭವನ್ನು ಅರ್ಧ ವೇಗದಲ್ಲಿ ಪಡೆಯಬೇಕೆಂದರೆ ಎರಡರಷ್ಟು ಉದ್ದ ಬೇಕಾಗುತ್ತದೆ. ಬಾನೆಟ್ಟಿನ ಕೆಳಗೆ ಅಷ್ಟು ಜಾಗ ಎಲ್ಲಿದೆ ಎಂಬುದೇ ಹೆಚ್ಚಿನವರ ಉದ್ದವನ್ನು ನಿರ್ಧರಿಸುತ್ತದೆ, ಅದು ವಿಷಾದದ ಸಂಗತಿ. ರಸ್ತೆಯ ಮೇಲೆ ಓಡಿಸುವ ಕಾರಿಗೆ, ಜಾಗ ಬಿಟ್ಟುಕೊಡುವಷ್ಟು ಉದ್ದವಾದ ತುತ್ತೂರಿಯನ್ನೇ ಆರಿಸಿಕೊಳ್ಳಿ.

ತುತ್ತೂರಿಯ ಬಾಯಿಗೂ ಎದುರಿನ ಗೋಡೆಗೂ ನಡುವೆ ಕನಿಷ್ಠ ಬಾಯಿಯ ವ್ಯಾಸದಷ್ಟಾದರೂ ಅಂತರ ಇರಲಿ. ಬಾಯಿಗಳಿಗೆ ನೇರವಾಗಿ ಸ್ಪಂಜಿನ ಚೀಲ ತೊಡಿಸುವುದು ನನಗೆ ಒಪ್ಪಿಗೆಯಿಲ್ಲ. ಬಾಯಿಯ ದುಂಡನೆಯ ಅಂಚಿನ ಸುತ್ತ ಗಾಳಿ ಬಳಸಿ ಬರುವುದನ್ನು ಅದು ತಡೆಯುತ್ತದೆ. ನಾಲ್ಕನ್ನೂ ಒಳಗೊಂಡ ಪೆಟ್ಟಿಗೆ, ಅದಕ್ಕೆ ಮುಂಭಾಗದಿಂದ ತಣ್ಣನೆಯ ಗಾಳಿ, ಪೆಟ್ಟಿಗೆಯ ಬಾಯಿಗೆ ದೊಡ್ಡ ಫಿಲ್ಟರ್, ಇದು ಕಷ್ಟದ ಕೆಲಸವಾದರೂ ಸರಿಯಾದ ಕೆಲಸ. ಫಿಲ್ಟರಿಲ್ಲದೆ ಓಡಿಸುವ ಚಿತ್ರಗಳನ್ನು ನೋಡಿದಾಗಲೆಲ್ಲ ಆ ಸಿಲಿಂಡರ್ ಗೋಡೆಗಳ ಬಗ್ಗೆ ಮರುಕವಾಗುತ್ತದೆ.

ಕ್ರ್ಯಾಂಕ್‌ಕೇಸಿನ ಉಸಿರು ಕೊಳವೆ ಈಗ ಪ್ಲೀನಮ್ಮಿಗೆ ಹೋಗುತ್ತಿರಬೇಕು. ಪ್ಲೀನಮ್ ಹೋದ ಮೇಲೆ ಅದಕ್ಕೊಂದು ಎಣ್ಣೆ ಹಿಡಿಯುವ ಡಬ್ಬಿ ಬೇಕಾಗುತ್ತದೆ.

ನೇರಉಸಿರು:

ಎಲ್ಲರಿಗೂ ನಮಸ್ಕಾರ. ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ಥ್ರಾಟಲ್‌ಗಳು ಕುಳಿತಿವೆ, ಎಂಜಿನ್ ಓಡುತ್ತಿದೆ. ಬ್ರೇಕಿನ ತೊಟ್ಟಿಯನ್ನು ಹಳೆಯಕಾರ್ಬ್ ಅವರು ಹೇಳಿದಂತೆಯೇ ಮಾಡಿದ್ದೇನೆ, ಪೆಡಲ್ ಹಿಂದಿನಂತೆಯೇ ಇದೆ. ಮಾಪಕ ಅವರು ಊಹಿಸಿದ್ದಂತೆ ಐಡ್ಲಿಂಗ್ ಪ್ಲೀನಮ್ ಇದ್ದಾಗಿನದಕ್ಕಿಂತ ನಯವಾಯಿತು, ಅದನ್ನು ಕೇಳಿದಾಗ ಆದ ಸಂತೋಷವನ್ನು ಇಲ್ಲಿ ಹಂಚಿಕೊಳ್ಳದೆ ಇರಲಾರೆ.

ಆದರೆ ಒಂದು ದೋಷ ಬೆನ್ನು ಬಿಡುತ್ತಿಲ್ಲ. ಮೊದಲ ಹೊಂದಾಣಿಕೆಯನ್ನು ಒಂದು ಗ್ಯಾರೇಜಿನಲ್ಲಿ ಮಾಡಿಸಿದ್ದೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಗೇಜ್ ಹಿಡಿದು ಮುಗಿಸಿಕೊಟ್ಟಿದ್ದರು. ತಣ್ಣಗಿರುವಾಗ ಐಡ್ಲಿಂಗ್ 900ರಲ್ಲಿ ಅಲುಗದೆ ನಿಲ್ಲುತ್ತದೆ. ಅರ್ಧ ಗಂಟೆ ಓಡಿಸಿ ನಿಲ್ಲಿಸಿದರೆ 1200ಕ್ಕೆ ಏರಿ ಅಲ್ಲೇ ತೂಗುತ್ತದೆ. ಗೇಜ್ ಹಿಡಿದು ನೋಡಿದರೆ ಒಂದನೆಯ ಬಾಯಿ ಸರಿಯಿದೆ, ನಾಲ್ಕನೆಯದು ಬಹಳ ಹೆಚ್ಚು ಗಾಳಿ ಎಳೆಯುತ್ತಿದೆ, ನಡುವಿನ ಎರಡು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿವೆ. ತಣ್ಣಗಾದ ಮೇಲೆ ಮತ್ತೆ ನಾಲ್ಕೂ ಸಮ. ಗ್ಯಾಸ್ಕೆಟ್ ಸೋರಿಕೆ ಇರಬಹುದೆಂದು ಎರಡು ಬಾರಿ ಬಿಚ್ಚಿ ಜೋಡಿಸಿದೆ. ಪ್ರಯೋಜನವಾಗಲಿಲ್ಲ.

ಕವಾಟದಂಚು:

ಸೋರಿಕೆಯಾಗಿದ್ದರೆ ಒಂದೇ ಬಾಯಿಯಲ್ಲಿ ಕಾಣಿಸಿಕೊಳ್ಳಬೇಕಿತ್ತು, ಜೊತೆಗೆ ಆ ಬಾಯಿಯ ಗೇಜ್ ಹೆಚ್ಚಲ್ಲ, ಕಡಿಮೆ ತೋರಿಸಬೇಕಿತ್ತು, ಏಕೆಂದರೆ ಸೋರಿಕೆಯ ಗಾಳಿ ತುತ್ತೂರಿಯ ಮೂಲಕ ಬರುವುದಿಲ್ಲ. ಒಂದರಿಂದ ನಾಲ್ಕಕ್ಕೆ ಮೆಟ್ಟಿಲಾಗಿ ಏರುವುದು ನನಗೆ ಎಳೆಯುವ ಸರಳಿನ ಉದ್ದದ ದೋಷದಂತೆ ಕಾಣುತ್ತದೆ. ಕೇಬಲ್ ಯಾವ ತುದಿಯಲ್ಲಿ ಎಳೆಯುತ್ತದೆ?

ನೇರಉಸಿರು:

ಒಂದನೆಯ ಸಿಲಿಂಡರಿನ ಬದಿಯಲ್ಲಿ. ಸರಳು ಉಕ್ಕಿನದು, ಒಂದನೆಯ ಲಿವರಿನಿಂದ ನಾಲ್ಕನೆಯದರವರೆಗೆ 280 ಮಿ.ಮೀ. ಉದ್ದ. ಲಿವರ್‌ಗಳು 30 ಮಿ.ಮೀ.

ಹಳೆಯಕಾರ್ಬ್:

ಉತ್ತರ ನಿಮ್ಮ ಮಾತಿನಲ್ಲೇ ಇದೆ. ಎಂಜಿನ್ ಬಿಸಿಯಾದಾಗ ಅಲ್ಯೂಮಿನಿಯಮ್ ಮ್ಯಾನಿಫೋಲ್ಡ್ ಹಿಗ್ಗುತ್ತದೆ, ಹೊರಗಿನ ಗಾಳಿಯಲ್ಲಿರುವ ಉಕ್ಕಿನ ಸರಳು ಅಷ್ಟು ಹಿಗ್ಗುವುದಿಲ್ಲ. ಒಂದನೆಯ ತುದಿಯಿಂದ ದೂರ ಹೋದಷ್ಟೂ ಸರಳು ಚಿಕ್ಕದಾದಂತೆ ವರ್ತಿಸಿ ಲಿವರನ್ನು ಎಳೆಯುತ್ತದೆ. ಹಳೆಯ ಡಿಸಿಒಇ ಜೋಡಣೆಗಳಲ್ಲಿ ಶಾಫ್ಟ್‌ಗಳು ಎಂಜಿನ್ನಿನ ಉದ್ದಕ್ಕೆ ಮಲಗಿರುತ್ತಿದ್ದವು. ಹಿಗ್ಗಿದರೆ ಉದ್ದಕ್ಕೆ ಸರಿಯುತ್ತಿದ್ದವೇ ಹೊರತು ತಿರುಗುತ್ತಿರಲಿಲ್ಲ. ನಿಮ್ಮದರಲ್ಲಿ ಹಿಗ್ಗುವ ದಿಕ್ಕೂ ಎಳೆಯುವ ದಿಕ್ಕೂ ಒಂದೇ ಆಗಿದೆ. ಅಲ್ಯೂಮಿನಿಯಮ್ ಸರಳು ಹಾಕಿ ನೋಡಿ.

ಮಾಪಕ:

ರೋಗನಿದಾನಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ, ಆದರೆ ಮದ್ದಿನ ಬಗ್ಗೆ ಹಿರಿಯರಲ್ಲಿ ಒಂದು ವಿನಂತಿ. ಅಲ್ಯೂಮಿನಿಯಮ್ ಪ್ರತಿ ಡಿಗ್ರಿಗೆ ಹತ್ತು ಲಕ್ಷಕ್ಕೆ ಸುಮಾರು 23 ಪಾಲು ಹಿಗ್ಗುತ್ತದೆ, ಉಕ್ಕು ಸುಮಾರು 12. ಮ್ಯಾನಿಫೋಲ್ಡ್ 20ರಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಏರಿತೆಂದೂ ಸರಳು 40 ಡಿಗ್ರಿಯಲ್ಲೇ ಉಳಿಯಿತೆಂದೂ ಇಟ್ಟುಕೊಳ್ಳಿ. 280 ಮಿ.ಮೀ. ಉದ್ದದಲ್ಲಿ ಮ್ಯಾನಿಫೋಲ್ಡ್ 0.39 ಮಿ.ಮೀ. ಹಿಗ್ಗಿದರೆ ಉಕ್ಕಿನ ಸರಳು 0.07 ಹಿಗ್ಗುತ್ತದೆ. ವ್ಯತ್ಯಾಸ 0.32 ಮಿ.ಮೀ. 30 ಮಿ.ಮೀ. ಲಿವರಿನ ಮೇಲೆ ಅದು 0.6 ಡಿಗ್ರಿಯಾಗುತ್ತದೆ. ಫಲಕ 5 ಡಿಗ್ರಿಯಲ್ಲಿ ನಿಂತಿದ್ದರೆ 5.6ಕ್ಕೆ ಹೋದಾಗ ತೆರೆದ ಕ್ಷೇತ್ರ ಕಾಲುಭಾಗ ಹೆಚ್ಚುತ್ತದೆ. ನಾಲ್ಕನೆಯ ಬಾಯಿಯ ಅಳತೆ ಇದಕ್ಕೆ ಸರಿಹೊಂದುತ್ತದೆ.

ಈಗ ಸರಳನ್ನು ಅಲ್ಯೂಮಿನಿಯಮ್ಮಿಗೆ ಬದಲಿಸಿದರೆ ಅದು 0.13 ಹಿಗ್ಗುತ್ತದೆ, ವ್ಯತ್ಯಾಸ 0.26 ಉಳಿಯುತ್ತದೆ. ದೋಷದ ಮುಖ್ಯ ಪಾಲು ಲೋಹದ ಜಾತಿಯಿಂದಲ್ಲ, ಎರಡರ ಉಷ್ಣತೆ ಬೇರೆಯಾಗಿರುವುದರಿಂದ ಬರುತ್ತಿದೆ. ಕೇಬಲನ್ನು ನಡುವಿಗೆ ತಂದರೆ ಒಂದು ತುದಿ ತೆರೆದು ಇನ್ನೊಂದು ಮುಚ್ಚಿಕೊಳ್ಳುತ್ತದೆ, ಒಂದಕ್ಕೂ ನಾಲ್ಕಕ್ಕೂ ಇರುವ ಅಂತರ ಹಾಗೆಯೇ ಇರುತ್ತದೆ. ಎಳೆಯುವ ದಿಕ್ಕನ್ನೇ ಬದಲಿಸಬೇಕು. ಎಂಜಿನ್ನಿನ ಉದ್ದಕ್ಕೆ, ಥ್ರಾಟಲ್‌ಗಳ ಮೇಲೆ, ಬೇರಿಂಗ್‌ಗಳಲ್ಲಿ ತಿರುಗುವ ಒಂದು ದಂಡವನ್ನು ಕೂರಿಸಿ, ಅದರಿಂದ ಪ್ರತಿ ಲಿವರಿಗೂ ಸಮಾನ ಉದ್ದದ ಗಿಡ್ಡ ಕೊಂಡಿಗಳನ್ನು ಅಡ್ಡಲಾಗಿ ಎಳೆಯಿರಿ. ಆಗ ಹಿಗ್ಗುವಿಕೆ ಕೊಂಡಿಗಳನ್ನು ಕೂದಲೆಳೆಯಷ್ಟು ಓರೆ ಮಾಡುತ್ತದೆಯೇ ವಿನಾ ಎಳೆಯುವುದಿಲ್ಲ. ಲಿವರ್‌ಗಳನ್ನು ಶಾಫ್ಟಿನ ಮೇಲೆ ಕಾಲು ಸುತ್ತು ತಿರುಗಿಸಿ ಕೂರಿಸಬೇಕಾಗುತ್ತದೆ.

ಹಳೆಯಕಾರ್ಬ್:

ಲೆಕ್ಕ ನೋಡಿದೆ, ಒಪ್ಪುತ್ತೇನೆ. ದಂಡದ ಬೇರಿಂಗ್‌ಗಳನ್ನು ಮ್ಯಾನಿಫೋಲ್ಡಿಗೇ ಕಚ್ಚಿಸಿ, ಬಾನೆಟ್ಟಿನ ಗೋಡೆಗಲ್ಲ. ಎಂಜಿನ್ ತನ್ನ ಮೌಂಟ್‌ಗಳ ಮೇಲೆ ಅಲುಗಾಡಿದಾಗ ದಂಡವೂ ಜೊತೆಗೆ ಅಲುಗಬೇಕು, ಇಲ್ಲದಿದ್ದರೆ ಪ್ರತಿ ಗೇರ್ ಬದಲಾವಣೆಗೂ ಥ್ರಾಟಲ್ ತಾನಾಗಿಯೇ ಮಿಸುಕುತ್ತದೆ. ಕೊಂಡಿಗಳ ಗೋಲ ಕೀಲುಗಳು ಸಡಿಲವಿರದಂತೆ ನೋಡಿಕೊಳ್ಳಿ.

ನೇರಉಸಿರು:

ಮತ್ತೆ ಮೂರು ವಾರಗಳ ಕೆಲಸದ ನಂತರ ವರದಿ ಒಪ್ಪಿಸುತ್ತಿದ್ದೇನೆ. ಹೊಸ ದಂಡವನ್ನು ಮೂರು ಬೇರಿಂಗ್‌ಗಳ ಮೇಲೆ ಮ್ಯಾನಿಫೋಲ್ಡಿಗೆ ಕೂರಿಸಿದೆ, ಲಿವರ್‌ಗಳನ್ನು ತಿರುಗಿಸಿದೆ, ಕೇಬಲ್ ಚಕ್ರವನ್ನು ಕವಾಟದಂಚು ಅವರು ಹೇಳಿದ ಆಕಾರದಲ್ಲಿ ಕೊರೆಸಿದೆ. ಈ ಸಲ ಗೇಜನ್ನು ನಾನೇ ಹಿಡಿದೆ. ಒಂದು ಗಂಟೆ ಓಡಿಸಿ ಬಂದ ಎಂಜಿನ್ನಿನ ಮೇಲೆ, ಮೊದಲು ಸ್ಕ್ರೂಗಳು, ನಂತರ 2500ರಲ್ಲಿ ಕೊಂಡಿಗಳು. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಅಳೆದರೆ ನಾಲ್ಕರ ನಡುವೆ ಗೇಜಿನ ಅರ್ಧ ಗೆರೆಯಷ್ಟೇ ವ್ಯತ್ಯಾಸ. ಬಿಸಿಯಾದ ಮೇಲೆ ಅದೂ ಇಲ್ಲ. ಐಡ್ಲಿಂಗ್ ಎರಡೂ ಸ್ಥಿತಿಯಲ್ಲಿ 900ರಿಂದ 950ರ ನಡುವೆ ನಿಲ್ಲುತ್ತಿದೆ.

ಡೈನೊದಲ್ಲಿ 5500 ಆರ್‌ಪಿಎಂಗಿಂತ ಮೇಲೆ ಗೆರೆ ಹಳೆಯದಕ್ಕಿಂತ ಮೇಲಿದೆ, ಗರಿಷ್ಠ ಶಕ್ತಿಯಲ್ಲಿ ಏರಿಕೆ ಎಂಟುಸಾವಿರ ಅವರು ಎಚ್ಚರಿಸಿದ್ದಂತೆ ಮಿತವಾಗಿಯೇ ಇದೆ. ಮೊದಲು ಹಾಕಿದ್ದ ಗಿಡ್ಡ ತುತ್ತೂರಿಗಳೊಂದಿಗೆ 3500ರ ಕೆಳಗೆ ಟಾರ್ಕ್ ಸ್ಪಷ್ಟವಾಗಿ ಕುಸಿದಿತ್ತು. 60 ಮಿ.ಮೀ. ಹೆಚ್ಚು ಉದ್ದದವನ್ನು ಹಾಕಿದಾಗ ಕುಸಿದದ್ದರಲ್ಲಿ ಹೆಚ್ಚಿನ ಪಾಲು ಮರಳಿತು, ಮೇಲ್ತುದಿಯಲ್ಲಿ ಕಳೆದುಕೊಂಡದ್ದು ಅತ್ಯಲ್ಪ. ಪೂರ್ತಿ ತೆರೆದಾಗ ಲ್ಯಾಂಬ್ಡಾ (ಗಾಳಿ-ಇಂಧನ ಅನುಪಾತದ ಅಳತೆ, 1ಕ್ಕಿಂತ ಕಡಿಮೆಯೆಂದರೆ ಇಂಧನ ಹೆಚ್ಚು) 0.88ರ ಆಸುಪಾಸಿನಲ್ಲಿಟ್ಟಿದ್ದೇವೆ.

ಆದರೆ ಕಾರು ಬದಲಾಗಿರುವುದು ಆ ಕಾಗದದಲ್ಲಿ ಕಾಣುವುದಿಲ್ಲ. ಮೂರನೆಯ ಗೇರಿನಲ್ಲಿ ತಿರುವಿನ ನಡುವೆ ಹೆಬ್ಬೆರಳ ತುದಿಯಷ್ಟು ಒತ್ತಿದರೆ ಅಷ್ಟೇ ಎಳೆತ, ಬಿಟ್ಟರೆ ಅಷ್ಟೇ ಇಳಿತ, ನಡುವೆ ಕಾಯುವಿಕೆ ಎಂಬುದಿಲ್ಲ. ಹಿಂದೆ ಪ್ಲೀನಮ್ ತುಂಬುವವರೆಗೆ ಇರುತ್ತಿದ್ದ ಆ ಸಣ್ಣ ವಿಳಂಬ ಇತ್ತೆಂದೇ ನನಗೆ ಗೊತ್ತಿರಲಿಲ್ಲ, ಅದು ಹೋದ ಮೇಲೆ ತಿಳಿಯಿತು. ಟ್ಯೂನಿಂಗಿನ ಒಟ್ಟು ಸಮಯದಲ್ಲಿ ಮುಕ್ಕಾಲು ಪಾಲು ಮೊದಲ ಹತ್ತು ಡಿಗ್ರಿಗಳಲ್ಲೇ ಕಳೆಯಿತು. ಅದರಲ್ಲಿ ಒಂದು ಗಂಟೆಯೂ ವ್ಯರ್ಥವಾಯಿತೆಂದು ನನಗನಿಸುವುದಿಲ್ಲ.

ಮಾಪಕ ಅವರಲ್ಲಿ ಕೊನೆಯ ಪ್ರಶ್ನೆ: ಗಾಳಿಯ ಉಷ್ಣತೆಯ ಸೆನ್ಸರ್ ಈಗ ಮ್ಯಾನಿಫೋಲ್ಡಿನ ಲೋಹದಲ್ಲೇ ಇದೆ. ಬಿಸಿ ಎಂಜಿನ್ನನ್ನು ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಚಾಲೂ ಮಾಡಿದರೆ ಮೊದಲ ಒಂದೆರಡು ನಿಮಿಷ ಮಿಶ್ರಣ ಬಡವಾಗುತ್ತದೆ. ಸೆನ್ಸರನ್ನು ಗಾಳಿಪೆಟ್ಟಿಗೆಗೆ ಸ್ಥಳಾಂತರಿಸುವುದು ಸರಿಯೇ?

ಮಾಪಕ:

ಸರಿ. ಅದು ಲೋಹದ ಬಿಸಿಯನ್ನು ಗಾಳಿಯ ಬಿಸಿಯೆಂದು ಓದಿ ಇಂಧನವನ್ನು ಕಡಿಮೆ ಮಾಡುತ್ತಿದೆ. ಪೆಟ್ಟಿಗೆಯಲ್ಲಿ, ಎರಡನೆಯ ಮತ್ತು ಮೂರನೆಯ ತುತ್ತೂರಿಗಳ ನಡುವೆ, ಪ್ಲಾಸ್ಟಿಕ್ ಹಿಡಿಕೆಯಲ್ಲಿ ಕೂರಿಸಿ. ಬಾಯಿಗಳಿಂದ ತುಸು ದೂರವಿರಲಿ, ಹಿಂದಕ್ಕೆ ಚಿಮ್ಮುವ ಇಂಧನದ ಹನಿಗಳು ಅದನ್ನು ತಾಗಬಾರದು. ಸೆನ್ಸರ್ ಬದಲಾದ ಮೇಲೆ ಉಷ್ಣತೆಯ ತಿದ್ದುಪಡಿಯ ಕೋಷ್ಟಕವನ್ನು ಮತ್ತೊಮ್ಮೆ ಪರಿಶೀಲಿಸಬೇಕಾಗುತ್ತದೆ. ಬಿಸಿ ಚಾಲೂ ಮಾಡಿದ ಐದು ನಿಮಿಷಗಳ ಲಾಗನ್ನು ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.